ನಡುಗೋಡೆಗೆ ಎರಡು ಮೈ

ಪಕ್ಕದ ಮನೆಯ ಮಾತು ಗೋಡೆ ದಾಟಿ ಬರುವಾಗ ತನ್ನ ವ್ಯಂಜನಗಳನ್ನು ಆಚೆಯೇ ಬಿಟ್ಟು ಬರುತ್ತದೆ. ಮಾತು ಸ್ಪಷ್ಟವಾಗಿ ತಿಳಿಯಬೇಕಾದರೆ ಸ, ಶ, ತ, ಕದಂಥ ಅಕ್ಷರಗಳ ಸೂಕ್ಷ್ಮ ಸದ್ದು ಕಿವಿಗೆ ಬೀಳಬೇಕು. ಆ ಸದ್ದಿನ ಬಹುಪಾಲು ಇರುವುದು 2000 ಹರ್ಟ್ಸ್ ಆಸುಪಾಸು ಮತ್ತು ಅದಕ್ಕಿಂತ ಮೇಲಿನ ಕಂಪನಾಂಕಗಳಲ್ಲಿ, ಇಟ್ಟಿಗೆಯ ಗೋಡೆ ಚೆನ್ನಾಗಿ ತಡೆಯುವುದೂ ಅದನ್ನೇ. ಉಳಿದು ಈಚೆ ಬರುವುದು ಸ್ವರಗಳ ಗುಂಗು ಮತ್ತು ದನಿಯ ಏರಿಳಿತ ಮಾತ್ರ. ಯಾರಿಗೋ ಸಿಟ್ಟು ಬಂದಿದೆ ಎಂದು ತಿಳಿಯುತ್ತದೆ, ಯಾಕೆ ಬಂದಿದೆ ಎಂದು ತಿಳಿಯುವುದಿಲ್ಲ. ಬೀದಿಯ ವಾಹನಗಳ ಸದ್ದು ಇದಕ್ಕಿಂತ ಎಷ್ಟೋ ಜೋರಾಗಿದ್ದರೂ ಮನಸ್ಸು ಅದನ್ನು ಬದಿಗೆ ಸರಿಸಿ ತನ್ನ ಕೆಲಸ ನೋಡಿಕೊಳ್ಳುತ್ತದೆ. ಅರ್ಧ ಕೇಳಿಸಿದ ಮಾತನ್ನು ಹಾಗೆ ಸರಿಸಲು ಆಗುವುದಿಲ್ಲ, ಏಕೆಂದರೆ ಮಾತು ಎಂದು ಗುರುತು ಸಿಕ್ಕಿದ ಕೂಡಲೇ ಅದರ ಅರ್ಥ ಹುಡುಕುವುದು ಮನಸ್ಸಿನ ಜಾಯಮಾನ. ಮಲಗಿದವನು ಬೇಡವೆಂದರೂ ಕಿವಿಗೊಡುತ್ತಾನೆ. ಸದ್ದು ನಿಂತ ಮೇಲೆಯೂ ಮತ್ತೆ ಯಾವಾಗ ಶುರುವಾಗುತ್ತದೋ ಎಂದು ಕಾಯುತ್ತಾ ಎಚ್ಚರವಾಗಿರುತ್ತಾನೆ.

ಇಂಥ ಒಂದು ನಡುಗೋಡೆಯ ಪಕ್ಕದಲ್ಲಿ ಹಲವು ವರ್ಷ ಬದುಕಿ, ಅದನ್ನು ಹೇಗಾದರೂ ಮೌನವಾಗಿಸಬೇಕೆಂದು ಓದಿ, ಕೇಳಿ, ಕೊನೆಗೆ ಕೈಯಾರೆ ಕೆಲಸಕ್ಕೂ ಇಳಿದ ಮೇಲೆ ನನಗೆ ಖಚಿತವಾದ ಮಾತೊಂದಿದೆ. ಸದ್ದು ಯಾವ ದಾರಿ ಹಿಡಿದು ಬರುತ್ತಿದೆ ಎಂಬುದು ಗೊತ್ತಾಗುವ ತನಕ ಯಾವ ಸಾಮಾನನ್ನೂ ಕೊಳ್ಳಬಾರದು. ಆ ದಾರಿಯನ್ನು ಪೂರ್ತಿ ತಿಳಿಯಬೇಕಾದರೆ ಗೋಡೆಯ ಈಚೆ ಬದಿಯಲ್ಲಿ ಮಾತ್ರ ನಿಂತು ಕೇಳಿದರೆ ಸಾಲದು. ಈ ಎರಡನೆಯ ಮಾತಿಗೆ ಆಮೇಲೆ ಬರುತ್ತೇನೆ.

ಸದ್ದಿನ ಕಾಟಕ್ಕೆ ಸಿಕ್ಕವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಗೋಡೆಗೆ ಮೆತ್ತನೆಯ ಏನನ್ನಾದರೂ ಅಂಟಿಸುವುದು. ಮೊನೆಮೊನೆಯಾಗಿ ಕತ್ತರಿಸಿದ ಫೋಮ್ ಹಾಳೆಗಳು, ದಪ್ಪ ಪರದೆಗಳು, ಮೊಟ್ಟೆಯ ಟ್ರೇಗಳು ಕೂಡ ಈ ಪಟ್ಟಿಯಲ್ಲಿವೆ. ನೆರೆಮನೆಯ ಸದ್ದಿನ ಮಟ್ಟಿಗೆ ಇದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಕಾರಣ ಸರಳವಾಗಿದೆ. ಕೋಣೆಯೊಳಗೆ ಹುಟ್ಟಿದ ಸದ್ದು ಗೋಡೆಯಿಂದ ಗೋಡೆಗೆ ಪುಟಿಯದಂತೆ ಹೀರಿಕೊಳ್ಳುವುದು ಒಂದು ಕೆಲಸ, ಒಂದು ಕೋಣೆಯ ಸದ್ದು ಇನ್ನೊಂದು ಕೋಣೆಗೆ ದಾಟದಂತೆ ತಡೆಯುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಗಾಳಿ ಒಳನುಗ್ಗಬಲ್ಲ ಹಗುರ, ಮೃದು ವಸ್ತು ಬೇಕು. ಎರಡನೆಯದಕ್ಕೆ ಗಾಳಿ ನುಗ್ಗಲಾರದ ಭಾರವಾದ ವಸ್ತು ಬೇಕು.

ಹೀರಿಕೊಳ್ಳುವಿಕೆಯನ್ನು ಮೊದಲು ಲೆಕ್ಕಕ್ಕೆ ಸಿಗಿಸಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವ್ಯಾಲೆಸ್ ಸ್ಯಾಬೀನ್. ಅಲ್ಲಿನ ಹೊಸ ಫಾಗ್ ಕಟ್ಟಡದ ಉಪನ್ಯಾಸ ಸಭಾಂಗಣದಲ್ಲಿ ಒಂದು ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಅನುರಣಿಸುತ್ತಾ ಮುಂದಿನ ಮಾತುಗಳ ಮೇಲೆ ಬೀಳುತ್ತಿತ್ತು. ಅದನ್ನು ಸರಿಪಡಿಸುವ ಹೊಣೆ 1895ರಲ್ಲಿ ಅವರ ಹೆಗಲಿಗೆ ಬಿತ್ತು. ಅವರು ರಾತ್ರಿಯ ನಿಶ್ಶಬ್ದದಲ್ಲಿ, ಇನ್ನೊಂದು ರಂಗಮಂದಿರದ ಆಸನಗಳ ಮೆತ್ತೆಗಳನ್ನು ತಂದು ಹರಡಿ, ಪ್ರತಿ ಸಲವೂ ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದರು. ಮೆತ್ತೆಗಳು ಹೆಚ್ಚಿದಂತೆ ಅನುರಣನ ತಗ್ಗಿತು. ಇಂದು ನಾವು ಗೋಡೆಗೆ ಅಂಟಿಸುವ ಫೋಮ್ ಮಾಡುವುದೂ ಆ ಮೆತ್ತೆಗಳ ಕೆಲಸವನ್ನೇ. ನಮ್ಮ ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆಯಾಗುತ್ತದೆ, ಆಚೆಯಿಂದ ಬಂದ ಸದ್ದೂ ಒಂದಿಷ್ಟು ಮಂದವಾಗುತ್ತದೆ, ಆದರೆ ಗೋಡೆ ದಾಟುವ ಸದ್ದಿಗೆ ಅದರಿಂದ ತಡೆ ಎಂಬುದೇ ಇಲ್ಲ. ಇದಕ್ಕಿಂತ ಗಂಭೀರವಾದ ಸಂಗತಿ, ಬೆಂಕಿ ತಡೆಯುವ ಗುಣವಿಲ್ಲದ ಪಾಲಿಯುರೆಥೇನ್ ಫೋಮ್ ಕ್ಷಣಮಾತ್ರದಲ್ಲಿ ಹೊತ್ತಿಕೊಂಡು ವಿಷದ ಹೊಗೆ ಕಾರುತ್ತದೆ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಒಂದು ನೈಟ್‌ಕ್ಲಬ್‌ನಲ್ಲಿ ಸದ್ದಿಗೆಂದು ಗೋಡೆಗೆ ಹೊಡೆದಿದ್ದ ಫೋಮಿಗೆ ಕಿಡಿ ತಗುಲಿ 100 ಜನ ಪ್ರಾಣ ಕಳೆದುಕೊಂಡರು. ಮಲಗುವ ಕೋಣೆಯ ಗೋಡೆಯ ತುಂಬ ಅದನ್ನು ಅಂಟಿಸಿಕೊಳ್ಳುವವರು ಈ ಸಂಗತಿಯನ್ನು ತಿಳಿದಿರಬೇಕು.

ಮುಂದಿನ ಮಾತುಗಳಿಗೆ ಡೆಸಿಬೆಲಿನ ಲೆಕ್ಕ ಸ್ವಲ್ಪ ಬೇಕಾಗುತ್ತದೆ. ಒಂದು ಗೋಡೆ 30 ಡೆಸಿಬೆಲ್ ತಡೆಯುತ್ತದೆ ಎಂದರೆ ಅದರ ಮೇಲೆ ಬಿದ್ದ ಸದ್ದಿನ ಶಕ್ತಿಯಲ್ಲಿ ಸಾವಿರದಲ್ಲಿ ಒಂದು ಪಾಲು ಆಚೆ ದಾಟುತ್ತದೆ ಎಂದರ್ಥ. 40 ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲು, 50 ಎಂದರೆ ಲಕ್ಷದಲ್ಲಿ ಒಂದು ಪಾಲು. ಕಿವಿಯ ಲೆಕ್ಕ ಇನ್ನೊಂದು ಬಗೆಯದು. ಶಕ್ತಿ ಅರ್ಧಕ್ಕಿಳಿದರೆ 3 ಡೆಸಿಬೆಲ್ ಕಡಿಮೆಯಾಗುತ್ತದೆ, ಆದರೆ ಕಿವಿಗೆ ಆ ವ್ಯತ್ಯಾಸ ತಿಳಿದೂ ತಿಳಿಯದಂತಿರುತ್ತದೆ. ಸದ್ದು ಅರ್ಧವಾಯಿತು ಎಂದು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ತಗ್ಗಬೇಕು. ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿಯನ್ನು ತಡೆದಾಗ ಮಾತ್ರ ಕಿವಿ ‘ಅರ್ಧ ಆಯಿತು’ ಎಂದು ಒಪ್ಪುತ್ತದೆ. ನಡುಗೋಡೆಯ ಕೆಲಸ ಎಷ್ಟೋ ಜನರಿಗೆ ನಿರಾಸೆ ತರುವುದು ಇಲ್ಲಿಯೇ.

ಹಾಗಾಗಿ ಮೊದಲು ಮಾಡಬೇಕಾದದ್ದು ಕೇಳುವುದು. ನಾನು ಇದನ್ನು ರಾತ್ರಿ ಎಲ್ಲ ಅಡಗಿದ ಮೇಲೆ, ಪಕ್ಕದ ಮನೆಯ ಟಿವಿ ಮಾತ್ರ ನಡೆಯುತ್ತಿರುವ ಹೊತ್ತಿನಲ್ಲಿ ಮಾಡಿದೆ. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ, ಇನ್ನೊಂದನ್ನು ಗೋಡೆಯ ಹತ್ತಿರ ಹಿಡಿದು, ನೆಲದ ಅಂಚಿನಿಂದ ಛಾವಣಿಯ ಅಂಚಿನವರೆಗೆ, ಈ ಮೂಲೆಯಿಂದ ಆ ಮೂಲೆಯವರೆಗೆ ನಿಧಾನವಾಗಿ ಸರಿಯುತ್ತಾ ಹೋದೆ. ಗೋಡೆಯ ನಡುಮಧ್ಯದಲ್ಲಿ ಕೇಳಿದ್ದು ಬರೀ ಗುಂಗು. ಸ್ವಿಚ್‌ಬೋರ್ಡಿನ ಮುಂದೆ ಕಿವಿ ಬಂದಾಗ ಆ ಗುಂಗಿಗೆ ಅಕ್ಷರಗಳು ಮೂಡಿದವು, ಸುದ್ದಿ ಓದುವವರ ‘ಸ’ಕಾರಗಳು ಬಿಡಿಬಿಡಿಯಾಗಿ ಕೇಳಿದವು. ವ್ಯಂಜನ ಕೇಳಿಸಿತೆಂದರೆ ಅದು ಇಟ್ಟಿಗೆಯನ್ನು ದಾಟಿ ಬಂದ ಸದ್ದಲ್ಲ, ಎಲ್ಲೋ ಗಾಳಿಗೆ ನೇರ ದಾರಿ ಇದೆ ಎಂದೇ ತಿಳಿಯಬೇಕು. ಮರುದಿನ ಹಗಲು ಮೈನ್ ಸ್ವಿಚ್ ಆರಿಸಿ ಬೋರ್ಡ್ ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಲೋಹದ ಡಬ್ಬಿ ಕೂರಿಸಲು ಗೋಡೆಯನ್ನು ಕೊರೆದಿದ್ದರು, ಆಚೆ ಮನೆಯವರ ಡಬ್ಬಿಗೂ ಸರಿಯಾಗಿ ಅದರ ಬೆನ್ನಿಗೇ ಕೊರೆದಿದ್ದರು. ಎರಡು ಡಬ್ಬಿಗಳ ನಡುವೆ ಉಳಿದಿದ್ದದ್ದು ಬಿರುಕು ಬಿಟ್ಟ ಒಂದು ತೆಳು ಪದರ ಗಾರೆ. ವೈರುಗಳು ಹೋಗುವ ಪೈಪಿನ ಸುತ್ತ ಕಿರುಬೆರಳು ತೂರುವಷ್ಟು ಸಂದು. ಟಾರ್ಚ್ ಹಿಡಿದರೆ ಆ ಸಂದಿನ ಆಳದಲ್ಲಿ ಪಕ್ಕದವರ ಡಬ್ಬಿಯ ಬೆನ್ನು ಹೊಳೆಯುತ್ತಿತ್ತು.

ಸಂದುಗಳ ಲೆಕ್ಕ ನಂಬಲು ಕಷ್ಟವೆನಿಸುವಷ್ಟು ಕಠಿಣವಾದುದು. ನಾಲ್ಕು ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಗೋಡೆಯ ವಿಸ್ತೀರ್ಣ 10 ಚದರ ಮೀಟರ್. ಅದರಲ್ಲಿ ಎಲ್ಲೋ ಒಂದು ಕಡೆ ಒಂದು ಮೀಟರ್ ಉದ್ದಕ್ಕೆ ಒಂದು ಮಿಲಿಮೀಟರ್ ಅಗಲದ ಬಿರುಕು ಆರಪಾರ ಇದ್ದರೆ ಆ ತೆರವು 10 ಚದರ ಸೆಂಟಿಮೀಟರ್, ಅಂದರೆ ಇಡೀ ಗೋಡೆಯ ಹತ್ತು ಸಾವಿರದಲ್ಲಿ ಒಂದು ಪಾಲು. ಗೋಡೆ ತಾನಾಗಿ 45 ಡೆಸಿಬೆಲ್ ತಡೆಯುವಷ್ಟು ಗಟ್ಟಿಯಾಗಿದ್ದರೂ ಆ ಒಂದು ಬಿರುಕಿನಿಂದ ಅದರ ಒಟ್ಟು ತಡೆ 39ರ ಸುತ್ತ ಬಂದು ನಿಲ್ಲುತ್ತದೆ. ತೆರವು ಅಂಗೈಯಷ್ಟು, 10 ಸೆಂಟಿಮೀಟರ್ ಉದ್ದಗಲಕ್ಕೆ ಇದ್ದರಂತೂ ಗೋಡೆಯನ್ನು ಎಷ್ಟೇ ದಪ್ಪವಾಗಿ ಕಟ್ಟಿದರೂ 30 ದಾಟಲು ಆಗುವುದಿಲ್ಲ. ಈ ಕಾರಣಕ್ಕೆ ನಾನು ಯಾರಿಗೇ ಆದರೂ ಮೊದಲು ಹೇಳುವುದು ಸಂದು ಮುಚ್ಚುವ ಕೆಲಸವನ್ನೇ. ಖರ್ಚು ಕಡಿಮೆ, ಜಾಗ ಹೋಗುವುದಿಲ್ಲ, ಬಾಡಿಗೆಯ ಮನೆಯಲ್ಲೂ ಮಾಡಬಹುದು. ಡಬ್ಬಿಯ ಬೆನ್ನಿನ ಪೊಳ್ಳನ್ನು ಗಾರೆಯಿಂದ ತುಂಬಿ, ಡಬ್ಬಿಯ ಸುತ್ತ ಬೆಂಕಿ ತಾಳುವ ಪುಟ್ಟಿಯ ಹಾಳೆಯನ್ನು ಒತ್ತಿ, ಪೈಪಿನ ಸುತ್ತಲಿನ ಸಂದಿಗೆ ಸೀಲೆಂಟ್ ತುಂಬಬೇಕು. ಸೀಲೆಂಟ್ ಒಣಗಿದ ಮೇಲೂ ರಬ್ಬರಿನಂತೆ ಮೆತ್ತಗೆ ಉಳಿಯುವಂಥದ್ದಾಗಿರಬೇಕು. ಗಟ್ಟಿಯಾಗಿ ಒಣಗುವ ಪುಟ್ಟಿ, ಕಟ್ಟಡ ಬಿಸಿಲು ಚಳಿಗೆ ಹಿಗ್ಗಿ ಕುಗ್ಗುವಾಗ ಮತ್ತೆ ಬಿರುಕು ಬಿಡುತ್ತದೆ. ಗೋಡೆ ಛಾವಣಿಯನ್ನು ಸೇರುವ ಅಂಚಿನಲ್ಲಿ ಇಂಥ ಕೂದಲೆಳೆಯ ಬಿರುಕು ಬಹಳ ಮನೆಗಳಲ್ಲಿ ಇರುತ್ತದೆ, ಬಣ್ಣದ ಪದರದ ಕೆಳಗೆ ಅಡಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಕಿವಿಗೆ ಮಾತ್ರ ಸಿಗುತ್ತದೆ.

ಇಷ್ಟು ಮಾಡಿದ ಮೇಲೆ ನನ್ನ ಕೋಣೆಯಲ್ಲಿ ಅಕ್ಷರಗಳು ಮಾಯವಾದವು, ಗುಂಗು ಉಳಿಯಿತು. ಗುಂಗಿನ ಪ್ರಶ್ನೆ ಗೋಡೆಯ ತೂಕದ ಪ್ರಶ್ನೆ.

ಒಂದೇ ಪದರದ ಗೋಡೆ ಎಷ್ಟು ಭಾರವೋ ಅಷ್ಟು ಸದ್ದು ತಡೆಯುತ್ತದೆ. ತೂಕ ದುಪ್ಪಟ್ಟಾದರೆ ತಡೆ ಹೆಚ್ಚೆಂದರೆ 6 ಡೆಸಿಬೆಲ್ ಏರುತ್ತದೆ, ವಾಸ್ತವದಲ್ಲಿ ಐದರ ಆಸುಪಾಸು. ಎರಡೂ ಕಡೆ ಗಾರೆ ಮಾಡಿದ, ಒಂದು ಇಟ್ಟಿಗೆಯ ಅಗಲದಷ್ಟೇ ದಪ್ಪದ ಗೋಡೆ ಪ್ರತಿ ಚದರ ಮೀಟರಿಗೆ ಸುಮಾರು 250 ಕಿಲೋ ತೂಗುತ್ತದೆ, 45 ಡೆಸಿಬೆಲಿನಷ್ಟು ತಡೆಯುತ್ತದೆ. ಆ ಮಟ್ಟದಲ್ಲಿ ಸಾಧಾರಣ ಮಾತು ತಿಳಿಯುವುದಿಲ್ಲ, ಎತ್ತರದ ದನಿ ಮಾತ್ರ ಗುಂಗಾಗಿ ಕೇಳುತ್ತದೆ. ಅದನ್ನು ಐದಾರು ಡೆಸಿಬೆಲ್ ಮೇಲೇರಿಸಲು ಅಷ್ಟೇ ತೂಕದ ಇನ್ನೊಂದು ಗೋಡೆಯನ್ನು ಅದಕ್ಕೆ ಅಂಟಿಸಿ ಕಟ್ಟಬೇಕು, ನೆಲ ಆ ಭಾರವನ್ನು ತಡೆದುಕೊಳ್ಳಬೇಕು. ಇನ್ನು ಗೋಡೆಗೇ ನೇರವಾಗಿ ಒಂದು ಜಿಪ್ಸಮ್ ಬೋರ್ಡ್ ಅಂಟಿಸಿದರೆ ಏನಾಗುತ್ತದೆ? ಹನ್ನೆರಡೂವರೆ ಮಿಲಿಮೀಟರ್ ದಪ್ಪದ ಬೋರ್ಡಿನ ತೂಕ ಚದರ ಮೀಟರಿಗೆ ಸುಮಾರು 9 ಕಿಲೋ. 250ಕ್ಕೆ 9 ಸೇರಿದರೆ ಸಿಗುವ ಲಾಭ ಒಂದು ಡೆಸಿಬೆಲಿನ ಮೂರನೇ ಒಂದು ಪಾಲು. ‘ಸೌಂಡ್‌ಪ್ರೂಫ್’ ಎಂಬ ಹೆಸರು ಹೊತ್ತು ಗೋಡೆಗೆ ಅಂಟಿಕೊಳ್ಳುವ ತೆಳು ಹಲಗೆಗಳೆಲ್ಲ ಈ ಲೆಕ್ಕದ ಮುಂದೆ ಸೋಲುತ್ತವೆ. ಅವುಗಳಿಗೆ ಹಣ ಸುರಿದವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ನಿದ್ದೆಗೆಟ್ಟು ಸೋತವರ ಅಸಹಾಯಕತೆಯ ಮೇಲೆ ನಡೆಯುವ ವ್ಯಾಪಾರ ಅದು.

ತೂಕದಿಂದ ಆಗದ್ದು ಬೇರ್ಪಡಿಸುವುದರಿಂದ ಆಗುತ್ತದೆ. ಹಳೆಯ ಗೋಡೆಗೆ ಎಲ್ಲಿಯೂ ತಾಗದಂತೆ, ಒಂದಿಷ್ಟು ಅಂತರ ಬಿಟ್ಟು, ನೆಲ ಮತ್ತು ಛಾವಣಿಯ ಆಧಾರದಲ್ಲಿ ಮಾತ್ರ ನಿಲ್ಲುವ ಲೋಹದ ಫ್ರೇಮ್ ಕಟ್ಟಿ, ಅದರ ಒಳಗೆ ರಾಕ್‌ವುಲ್ ಅಥವಾ ಗ್ಲಾಸ್‌ವುಲ್, ಅಂದರೆ ಕಲ್ಲಿನ ಅಥವಾ ಗಾಜಿನ ಎಳೆಗಳ ಉಣ್ಣೆ ತುಂಬಿ, ಮುಂದೆ ಜಿಪ್ಸಮ್ ಬೋರ್ಡ್ ಹಾಕುವುದು ಇದರ ರೀತಿ. ಹಳೆಯ ಗೋಡೆ ಒಂದು ತೂಕ, ಹೊಸ ಬೋರ್ಡ್ ಇನ್ನೊಂದು ತೂಕ, ನಡುವಿನ ಗಾಳಿ ಸ್ಪ್ರಿಂಗ್. ಈ ಜೋಡಣೆಗೆ ತನ್ನದೇ ಆದ ಒಂದು ಕಂಪನಾಂಕವಿರುತ್ತದೆ. ಅದಕ್ಕಿಂತ ಸುಮಾರು ಒಂದೂವರೆ ಪಟ್ಟು ಮೇಲಿನ ಸದ್ದುಗಳೆಲ್ಲ ಚೆನ್ನಾಗಿ ಅಡಗುತ್ತವೆ, ಆ ಕಂಪನಾಂಕದ ಆಸುಪಾಸಿನ ಸದ್ದು ಮಾತ್ರ ಮೊದಲಿಗಿಂತಲೂ ಹೆಚ್ಚಾಗಿ ದಾಟುತ್ತದೆ. ಆದ್ದರಿಂದ ಆ ಕಂಪನಾಂಕವನ್ನು ನಮ್ಮನ್ನು ಕಾಡುವ ಸದ್ದಿನ ಕೆಳಗೆ, ಆದಷ್ಟು ಆಳಕ್ಕೆ ತಳ್ಳಬೇಕು. ಅಂತರ ಹೆಚ್ಚಿದಷ್ಟೂ, ಬೋರ್ಡ್ ಭಾರವಾದಷ್ಟೂ ಅದು ಕೆಳಗಿಳಿಯುತ್ತದೆ.

ಸಂಖ್ಯೆಯಲ್ಲಿ ಹೇಳುವುದಾದರೆ, 25 ಮಿಲಿಮೀಟರ್ ಅಂತರ ಬಿಟ್ಟು ಒಂದೇ ಬೋರ್ಡ್ ಹಾಕಿದರೆ ಆ ಕಂಪನಾಂಕ ಸುಮಾರು 130 ಹರ್ಟ್ಸ್ ಆಗುತ್ತದೆ. ಗಂಡಸಿನ ದನಿಯ ಮೂಲಸ್ವರ ಇರುವುದು ಹೆಚ್ಚುಕಡಿಮೆ 100ರಿಂದ 150 ಹರ್ಟ್ಸ್ ಒಳಗೆ. ಅಂದರೆ ಜಾಗ ಉಳಿಸಲು ಹೋಗಿ ಅಂತರವನ್ನು ಕುಗ್ಗಿಸಿದವರು, ಯಾವ ಗುಂಗನ್ನು ತಡೆಯಬೇಕೆಂದು ಹೊರಟಿದ್ದರೋ ಅದಕ್ಕೇ ಬಾಗಿಲು ತೆರೆದಂತಾಗುತ್ತದೆ. ಅಂತರವನ್ನು 100 ಮಿಲಿಮೀಟರಿಗೆ ಹೆಚ್ಚಿಸಿ ಎರಡು ಬೋರ್ಡ್ ಹಾಕಿದರೆ ಅದೇ ಲೆಕ್ಕ 46 ಹರ್ಟ್ಸ್‌ಗೆ ಇಳಿಯುತ್ತದೆ, ಮಾತಿನ ದನಿಯೆಲ್ಲ ಅದರ ಮೇಲ್ಗಡೆ ಸುರಕ್ಷಿತವಾಗಿ ಬೀಳುತ್ತದೆ. ಕೋಣೆಯ ಒಂದು ಬದಿಯಿಂದ ಹದಿಮೂರು ಸೆಂಟಿಮೀಟರಿನಷ್ಟು ಜಾಗ ಹೋಗುವುದು ನಿಜ. ಆದರೆ ಅರೆಮನಸ್ಸಿನಿಂದ ಐದು ಸೆಂಟಿಮೀಟರ್ ಕಳೆದುಕೊಳ್ಳುವುದಕ್ಕಿಂತ ಪೂರ್ತಿ ಕಳೆದುಕೊಳ್ಳುವುದು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜಾಗ ಕೊಡಲು ಸಾಧ್ಯವೇ ಇಲ್ಲದ ಕೋಣೆಯಲ್ಲಿ ಈ ಕೆಲಸವನ್ನು ಕೈಬಿಟ್ಟು ಆ ಹಣವನ್ನು ಬೇರೆ ದಾರಿಗೆ ಬಳಸಬೇಕು.

ಇಂಥ ಗೋಡೆಯ ಗುಣವೆಲ್ಲ ನಿಂತಿರುವುದು ತಾಗದೆ ಇರುವುದರ ಮೇಲೆ. ಇದನ್ನು ಕೆಲಸದವರಿಗೆ ಮನವರಿಕೆ ಮಾಡುವುದು ಲೆಕ್ಕ ಹಾಕುವುದಕ್ಕಿಂತ ಕಷ್ಟ, ಏಕೆಂದರೆ ಒಳ್ಳೆಯ ಕೆಲಸಗಾರನ ಕೈಗೆ ಅಭ್ಯಾಸವಾಗಿರುವುದು ಗಟ್ಟಿಯಾಗಿ ಬಿಗಿಯುವುದು. ಫ್ರೇಮ್ ಸ್ವಲ್ಪ ಅಲುಗಾಡಿತೆಂದರೆ ಹಿಂದಿನ ಗೋಡೆಗೆ ಒಂದು ಪಟ್ಟಿ ಹೊಡೆದು ನಿಲ್ಲಿಸಲು ಕೈ ತಾನಾಗಿ ಹೋಗುತ್ತದೆ. ಆ ಒಂದು ಪಟ್ಟಿ, ಅಥವಾ ಫ್ರೇಮಿನ ಹಿಂದೆ ಬಿದ್ದು ಸಿಕ್ಕಿಕೊಂಡ ಒಂದು ಗಾರೆಯ ಉಂಡೆ, ಕಂಪನಕ್ಕೆ ಸೇತುವೆಯಾಗಿ ನಿಂತು ಬಹಳಷ್ಟು ಲಾಭವನ್ನು ತಿಂದುಹಾಕುತ್ತದೆ. ಕಂಪನ ದಾಟದಂತೆ ಬೋರ್ಡಿನ ಹಿಂದೆ ಹಾಕುವ ಬಳುಕುವ ಲೋಹದ ಪಟ್ಟಿಗೆ, ಅಂದರೆ ಚಾನೆಲಿಗೆ, ಬೋರ್ಡ್ ಹೊಡೆಯುವಾಗ ಅಗತ್ಯಕ್ಕಿಂತ ಉದ್ದದ ಸ್ಕ್ರೂ ಬಳಸಿದರೂ ಅಷ್ಟೇ. ಅದು ಮೆತ್ತನೆಯ ಚಾನೆಲನ್ನು ತೂರಿ ಹಿಂದಿನ ಗಟ್ಟಿ ಆಧಾರಕ್ಕೆ ಕಚ್ಚಿಕೊಂಡರೆ ಚಾನೆಲ್ ಇದ್ದೂ ಇಲ್ಲದಂತಾಗುತ್ತದೆ. ನನ್ನ ಗೋಡೆ ಏಳುವಾಗ ಬೋರ್ಡ್ ಮುಚ್ಚುವ ಮೊದಲು ಒಂದು ತೆಳು ರಟ್ಟಿನ ಪಟ್ಟಿಯನ್ನು ಫ್ರೇಮಿಗೂ ಹಳೆಯ ಗೋಡೆಗೂ ನಡುವೆ ಮೇಲಿನಿಂದ ಕೆಳಗಿನ ತನಕ ಎಳೆದು ನೋಡಿದೆ. ಎಲ್ಲಿ ಪಟ್ಟಿ ತಡೆಯಿತೋ ಅಲ್ಲಿ ನಿಂತು, ತಾಗಿರುವುದನ್ನು ಕೆತ್ತಿ ತೆಗೆಸಿ ಮುಂದಕ್ಕೆ ಹೋದೆ. ಫ್ರೇಮಿನ ಹಿಂದೆ ಬಿಟ್ಟ ಅಂತರ ಒಂದೇ ಬೆರಳಿನಷ್ಟಿದ್ದರೂ ಸಾಕು, ಉಳಿದ ಆಳ ಫ್ರೇಮಿನ ಒಳಗಿರುತ್ತದೆ.

ಉಳಿದ ವಿವರಗಳು ಚಿಕ್ಕವು. ಉಣ್ಣೆಯನ್ನು ಒತ್ತಿ ತುರುಕಬಾರದು, ಸಡಿಲವಾಗಿ ಪೂರ್ತಿ ತುಂಬಬೇಕು. ಅದು ತಾನೇ ಸದ್ದನ್ನು ತಡೆಯುವುದಿಲ್ಲ, ಪೊಳ್ಳಿನೊಳಗೆ ಸದ್ದು ಕುಣಿಯದಂತೆ ಮಾಡುತ್ತದೆ. ಎರಡು ಬೋರ್ಡುಗಳ ಜೋಡಣೆಯ ಗೆರೆಗಳು ಒಂದರ ಮೇಲೊಂದು ಬರಬಾರದು. ಅವುಗಳ ನಡುವೆ ಗಟ್ಟಿಯಾಗದ ಡ್ಯಾಂಪಿಂಗ್ ಅಂಟನ್ನು ಹಚ್ಚಿದರೆ ಬೋರ್ಡಿನ ಕಂಪನ ಬೇಗ ಸಾಯುತ್ತದೆ. ಒಂದೊಂದು ದಪ್ಪದ ಬೋರ್ಡಿಗೂ ತಾನು ದುರ್ಬಲವಾಗುವ ಒಂದು ಎತ್ತರದ ಕಂಪನಾಂಕವಿರುತ್ತದೆ, ಹನ್ನೆರಡೂವರೆ ಮಿಲಿಮೀಟರಿನದ್ದಕ್ಕೆ ಅದು 2500ರಿಂದ 3000 ಹರ್ಟ್ಸ್ ಆಸುಪಾಸು. ಹಾಗಾಗಿ ಎರಡು ಬೇರೆ ಬೇರೆ ದಪ್ಪದ ಬೋರ್ಡುಗಳನ್ನು ಜೋಡಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹೊಸ ಗೋಡೆಯ ನಾಲ್ಕೂ ಅಂಚುಗಳಲ್ಲಿ ಕೆಲವು ಮಿಲಿಮೀಟರ್ ಬಿಟ್ಟು ಮೆತ್ತನೆಯ ಸೀಲೆಂಟ್ ತುಂಬಬೇಕು. ಹೊಸ ಗೋಡೆಯಲ್ಲಿ ಸ್ವಿಚ್‌ಬೋರ್ಡಿಗಾಗಿ ಮತ್ತೆ ರಂಧ್ರ ಕೊರೆಯದೆ ಅದನ್ನು ಪಕ್ಕದ ಗೋಡೆಗೆ ಸಾಗಿಸುವುದು ಒಳ್ಳೆಯದು.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡಿಸಿ ಹೇಳಬೇಕು. ಅಂಗಡಿಗಳಲ್ಲಿ ಗೋಡೆಯ ಸಾಮಗ್ರಿಗಳಿಗೆ ಕೊಡುವ ತಡೆಯ ಅಂಕ, ಅದು ಎಸ್‌ಟಿಸಿ ಆಗಿರಲಿ ಆರ್‌ಡಬ್ಲ್ಯೂ ಆಗಿರಲಿ, ಮಾತಿನ ಸದ್ದನ್ನು ಮನಸ್ಸಿನಲ್ಲಿಟ್ಟು ಮಾಡಿದ ಲೆಕ್ಕ. ಮೊದಲನೆಯದು 125 ಹರ್ಟ್ಸ್‌ನಿಂದ, ಎರಡನೆಯದು 100 ಹರ್ಟ್ಸ್‌ನಿಂದ ಶುರುವಾಗುತ್ತದೆ. ಸಬ್‌ವೂಫರಿನಿಂದ ಹೊಮ್ಮಿ ಎದೆಗೆ ಬಡಿಯುವ 50 ಹರ್ಟ್ಸ್ ಸದ್ದಿನ ಬಗ್ಗೆ ಆ ಅಂಕಗಳು ಏನನ್ನೂ ಹೇಳುವುದಿಲ್ಲ. ಗಾಳಿಯಲ್ಲಿ ಆ ಸದ್ದಿನ ಒಂದು ಅಲೆಯ ಉದ್ದವೇ ಏಳು ಮೀಟರಿನಷ್ಟು, ಅಂದರೆ ಇಡೀ ಕೋಣೆಗಿಂತ ದೊಡ್ಡದು. ಮನೆಯೊಳಗೆ ಕಟ್ಟಬಹುದಾದ ಯಾವ ಗೋಡೆಯೂ ಅದನ್ನು ಪೂರ್ತಿ ನಿಲ್ಲಿಸಲಾರದು.

ಗೋಡೆ ಮುಗಿದ ಮೇಲೆ ಉಳಿಯುವ ಸದ್ದು ಬೇರೆ ದಾರಿಗಳದ್ದು. ನಡುಗೋಡೆ ಒಂಟಿಯಾಗಿ ನಿಂತಿಲ್ಲ, ಅದು ನೆಲಕ್ಕೆ, ಛಾವಣಿಗೆ, ಅಕ್ಕಪಕ್ಕದ ಗೋಡೆಗಳಿಗೆ ಬೆಸೆದುಕೊಂಡಿದೆ. ಎರಡೂ ಮನೆಗಳಿಗೆ ಒಂದೇ ಕಾಂಕ್ರೀಟ್ ಹಾಸು ಹರಡಿರುವ ಕಡೆ ಸದ್ದು ಆ ಹಾಸಿನ ಮೈಯೊಳಗೇ ನಡೆದು ಬಂದು ನಮ್ಮ ಕೋಣೆಯ ನೆಲದಿಂದಲೂ ಪಕ್ಕದ ಗೋಡೆಯಿಂದಲೂ ಹೊಮ್ಮುತ್ತದೆ. ನಡುಗೋಡೆಯ ತಡೆಯನ್ನು ಒಂದು ಮಿತಿ ದಾಟಿ ಏರಿಸಿದ ಮೇಲೆ ಈ ಸುತ್ತುದಾರಿಗಳೇ ಮುಖ್ಯದಾರಿಯಾಗುತ್ತವೆ. ಅಲ್ಲಿಂದಾಚೆ ನಡುಗೋಡೆಗೆ ಮಾಡುವ ಪ್ರತಿ ಖರ್ಚೂ ವ್ಯರ್ಥ.

ಲಂಡನ್ನಿನ ಚೆಲ್ಸಿಯಲ್ಲಿ ವಾಸವಾಗಿದ್ದ ಇತಿಹಾಸಕಾರ ಥಾಮಸ್ ಕಾರ್ಲೈಲ್ ಪಕ್ಕದ ಮನೆಯ ಪಿಯಾನೋ ಮತ್ತು ಕೋಳಿಗಳ ಕೂಗಿನಿಂದ ಬೇಸತ್ತು 1853ರಲ್ಲಿ ಮನೆಯ ಮಾಳಿಗೆಯ ಮೇಲೆ ಜೋಡಿಗೋಡೆಗಳ ಒಂದು ಕೋಣೆಯನ್ನು ಕಟ್ಟಿಸಿದರು. ಬೆಳಕು ಮೇಲಿನಿಂದ ಮಾತ್ರ ಬರುವಂತಿದ್ದ ಆ ಕೋಣೆಯಲ್ಲಿ ಹತ್ತಿರದ ಸದ್ದುಗಳು ತಗ್ಗಿದವು, ಆದರೆ ದೂರದ ನದಿಯ ಕಡೆಯ ಸದ್ದುಗಳೂ ರೈಲಿನ ಶಿಳ್ಳೆಯೂ ಅವರನ್ನು ಕಾಡತೊಡಗಿದವು. ಸದ್ದಿನಿಂದ ಬೇಸತ್ತ ಯಾರಿಗೇ ಆದರೂ ಈ ಪ್ರಸಂಗ ಮುಟ್ಟುವಂಥದ್ದು. ಒಂದು ದೊಡ್ಡ ಸದ್ದು ಇಳಿದಾಗ ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ಚಿಕ್ಕ ಸದ್ದುಗಳು ಮೇಲೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಮಲಗುವ ಕೋಣೆಯ ನಿರಂತರ ಸದ್ದಿಗೆ 30 ಡೆಸಿಬೆಲಿನ ಮಟ್ಟವನ್ನು ಸೂಚಿಸಿತು. ಆ ಮಟ್ಟಕ್ಕೆ ಬಂದ ಕೋಣೆಯಲ್ಲಿ ನಿದ್ದೆ ಬರಬೇಕು, ಆದರೆ ಕಾಯುವ ಅಭ್ಯಾಸ ಅಂಟಿಸಿಕೊಂಡ ಕಿವಿಗೆ ಅಲ್ಲಿಯೂ ಕೆಲಸ ಸಿಗುತ್ತದೆ. ಫ್ಯಾನಿನ ಸಮಸದ್ದು ಎಷ್ಟೋ ಜನರಿಗೆ ಗೋಡೆಯಷ್ಟೇ ನೆರವಾಗುವುದು ಇದರಿಂದಲೇ, ಅದನ್ನು ಸೋಲೆಂದು ತಿಳಿಯಬೇಕಾಗಿಲ್ಲ.

ಇನ್ನೊಂದು ಜಾತಿಯ ಸದ್ದಿಗೆ ಗೋಡೆಯ ಯಾವ ಉಪಾಯವೂ ಸರಿಯಾಗಿ ನಾಟುವುದಿಲ್ಲ. ಕುರ್ಚಿ ಎಳೆಯುವುದು, ಕಪಾಟಿನ ಬಾಗಿಲು ಬಡಿಯುವುದು, ವಾಷಿಂಗ್ ಮಷಿನ್ ನಡುಗುವುದು, ಇವು ಗಾಳಿಯ ಮೂಲಕ ಬರುವ ಸದ್ದುಗಳಲ್ಲ. ಕಟ್ಟಡದ ಮೈಗೇ ಬಿದ್ದ ಪೆಟ್ಟುಗಳು. ಕುರ್ಚಿಯ ಕಾಲಿಗೆ ಅಂಟಿಸುವ ನಾಣ್ಯದಗಲದ ಫೆಲ್ಟ್ ತುಂಡು, ನಾನು ಕಟ್ಟಿಸಿದ ಇಡೀ ಗೋಡೆ ಮಾಡಲಾರದ ಕೆಲಸವನ್ನು ಮಾಡುತ್ತದೆ. ಆದರೆ ಅದನ್ನು ಅಂಟಿಸಬೇಕಾದದ್ದು ಅವರ ಕುರ್ಚಿಗೆ. ಅದಕ್ಕಾಗಿ ಅವರ ಮನೆಯ ಬಾಗಿಲು ತಟ್ಟಬೇಕು.

ನಾನು ಹೋದದ್ದು ದೂರು ಹೇಳುವುದಕ್ಕಲ್ಲ. ನನ್ನ ಮನೆಯ ಸದ್ದು ಅವರಿಗೆ ಎಷ್ಟು ಕೇಳುತ್ತದೆ ಎಂದು ತಿಳಿಯಲು. ಗಾಳಿಯ ಸದ್ದಿಗೆ ಗೋಡೆಯ ತಡೆ ಎರಡೂ ದಿಕ್ಕಿಗೆ ಒಂದೇ, ಆಚೆಯಿಂದ ಈಚೆಗೆ 45 ಆದರೆ ಈಚೆಯಿಂದ ಆಚೆಗೂ 45. ಹಾಗಿದ್ದ ಮೇಲೆ ನನ್ನ ಮಾತು, ನನ್ನ ಫೋನಿನ ಗಂಟೆ, ನನ್ನ ರೇಡಿಯೋ ಎಲ್ಲವೂ ಅವರ ಕೋಣೆಯಲ್ಲಿ ಇದ್ದೇ ಇರಬೇಕು. ರೇಡಿಯೋವನ್ನು ದಿನವೂ ಕೇಳುವಷ್ಟೇ ಸದ್ದಿಗೆ ಇಟ್ಟು, ಬಾಗಿಲು ಎಳೆದುಕೊಂಡು ಹೋಗಿ ಅವರ ಕೋಣೆಯಲ್ಲಿ ಕುಳಿತೆ. ಆ ಬದಿಯ ನಡುಗೋಡೆಗೆ ಒರಗಿಸಿದ ಮಂಚದಲ್ಲಿ ಮನೆಯ ಹಿರಿಯರು ಮಲಗುತ್ತಾರೆ. ತಲೆದಿಂಬಿನ ಹತ್ತಿರ ಕಿವಿ ಇಟ್ಟಾಗ ನನ್ನ ರೇಡಿಯೋದ ದನಿ, ಅಕ್ಷರಗಳಿಲ್ಲದೆ, ಅದೇ ಗುಂಗಾಗಿ ಕೇಳಿತು. ಇಷ್ಟು ವರ್ಷ ಅವರೂ ಅದನ್ನು ಕೇಳುತ್ತಾ ಮಲಗಿದ್ದರು, ಒಂದು ದಿನವೂ ಬಂದು ಹೇಳಿರಲಿಲ್ಲ.

ಹಿರಿಯರ ಜೊತೆ ಮಾತನಾಡಿದಾಗ ಟಿವಿಯ ಸಂಗತಿಯೂ ಸ್ಪಷ್ಟವಾಯಿತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಾಂಕಗಳನ್ನು, ಅಂದರೆ ವ್ಯಂಜನಗಳನ್ನು. ಸುದ್ದಿ ಓದುವವರ ಮಾತು ಅವರಿಗೂ ನನಗೆ ಗೋಡೆಯಾಚೆಯಿಂದ ಕೇಳುತ್ತಿದ್ದ ಹಾಗೆಯೇ, ಅಕ್ಷರ ಉದುರಿದ ದನಿಯಾಗಿ ಕೇಳುತ್ತಿತ್ತು. ಆ ಅಕ್ಷರಗಳಿಗಾಗಿ ಅವರು ಟಿವಿಯ ಸದ್ದನ್ನು ಏರಿಸುತ್ತಿದ್ದರು. ಏರಿಸಿದ ಸದ್ದಿನಲ್ಲಿ ಅವರಿಗೆ ಬೇಕಾದ ಭಾಗ ಗೋಡೆಯಲ್ಲಿ ನಿಂತು, ಯಾರಿಗೂ ಬೇಡವಾದ ಗುಂಗು ನನ್ನ ಕಡೆ ದಾಟುತ್ತಿತ್ತು. ಸಾಲದ್ದಕ್ಕೆ ಟಿವಿಯ ಚೌಕಟ್ಟನ್ನು ನಡುಗೋಡೆಗೇ ಬೋಲ್ಟ್ ಹಾಕಿ ಬಿಗಿದಿದ್ದರು, ಅದರ ಸ್ಪೀಕರಿನ ನಡುಕ ಗಾಳಿಯ ಹಂಗಿಲ್ಲದೆ ಇಟ್ಟಿಗೆಗೆ ಇಳಿಯುತ್ತಿತ್ತು. ಆ ಮಾತುಕತೆಯ ನಂತರ ಟಿವಿ ಎದುರು ಗೋಡೆಯ ಬದಿಗೆ, ನೆಲದ ಮೇಲಿನ ಸ್ಟ್ಯಾಂಡಿಗೆ ಹೋಯಿತು. ಹಿರಿಯರ ಕುರ್ಚಿಯ ಪಕ್ಕದಲ್ಲಿ, ಕಿವಿಗೆ ಸಮೀಪವಾಗಿ ಒಂದು ಚಿಕ್ಕ ಸ್ಪೀಕರ್ ಬಂತು. ಅದರಲ್ಲಿ ಬಾಸ್ ಇಳಿಸಿ ಟ್ರೆಬಲ್ ಏರಿಸಿಕೊಟ್ಟೆ. ಹತ್ತಿರವಿರುವುದರಿಂದ ಅದರ ಸದ್ದು ಕಡಿಮೆ ಸಾಕು, ಮಾತು ಹೆಚ್ಚು ತಿಳಿಯುತ್ತದೆ. ಬಹಳ ಕಾಲದ ಮೇಲೆ ಸುದ್ದಿ ಸರಿಯಾಗಿ ಕೇಳುತ್ತಿದೆ ಎಂದು ಅವರು ಹೇಳಿದಾಗ ನನಗಾದ ಸಂತೋಷ ನನ್ನ ಕೋಣೆಯ ಮೌನಕ್ಕಿಂತ ದೊಡ್ಡದಾಗಿತ್ತು.

ಮಾತುಕತೆಯಿಂದಲೇ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಬಾಗಿಲು ತೆರೆಯದ ನೆರೆಯವರಿದ್ದಾರೆ, ಕೇಳಿಸಿಕೊಂಡೂ ಸದ್ದು ಏರಿಸುವವರಿದ್ದಾರೆ. ಅಂಥವರ ಪಕ್ಕದಲ್ಲಿ ಬದುಕುವವರಿಗೆ ಬೇರ್ಪಟ್ಟ ಗೋಡೆ ಒಂದೇ ಆಸರೆ, ಅದಕ್ಕಾಗಿಯೇ ಅದರ ಲೆಕ್ಕವನ್ನು ಇಷ್ಟು ಬಿಡಿಸಿ ಬರೆದೆ. ಅವಕಾಶ ಇರುವವರು ಮಾತ್ರ ಗೋಡೆಗೆ ಕೈಹಾಕುವ ಮೊದಲೇ ಒಮ್ಮೆ ಆಚೆ ಬದಿಯಲ್ಲಿ ಕುಳಿತು ಕೇಳಿಬರಬೇಕು. ಸದ್ದು ಗಾಳಿಯದ್ದೋ ಪೆಟ್ಟಿನದ್ದೋ, ಅದು ಹುಟ್ಟುವ ಜಾಗ ಯಾವುದು, ಯಾರ ಯಾವ ಅಗತ್ಯದಿಂದ ಹುಟ್ಟುತ್ತಿದೆ ಎಂಬುದು ಈಚೆಯಿಂದ ಎಷ್ಟು ಕಿವಿಗೊಟ್ಟರೂ ತಿಳಿಯುವುದಿಲ್ಲ.

ಈಗ ನನ್ನ ಕೋಣೆಯಲ್ಲಿ ಪಕ್ಕದ ಮನೆಯ ಮಾತು ಕೇಳುವುದಿಲ್ಲ, ಅವರ ಕೋಣೆಯಲ್ಲಿ ನನ್ನ ರೇಡಿಯೋ ಕೇಳುವುದಿಲ್ಲ. ವಾಷಿಂಗ್ ಮಷಿನ್ ನೀರು ಹಿಂಡುವ ಹಂತದಲ್ಲಿ ನೆಲದಿಂದ ಬರುವ ನಡುಕ ಉಳಿದಿದೆ. ಅದರ ಕಾಲುಗಳ ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಇಡಲು ಒಪ್ಪಿದ್ದಾರೆ, ಮಷಿನನ್ನು ಸಮಮಟ್ಟಕ್ಕೆ ನಿಲ್ಲಿಸಿದರೆ ಅದೇ ಅರ್ಧ ತಗ್ಗಬಹುದು. ಅವರ ಬದಿಯ ಸ್ವಿಚ್‌ಬೋರ್ಡಿನ ಡಬ್ಬಿಗಳನ್ನು ಮುಂದಿನ ಸಲ ಬಣ್ಣ ಹೊಡೆಸುವಾಗ ಬಿಚ್ಚಿ, ಬೆನ್ನಿನ ಸಂದುಗಳನ್ನು ಆ ಕಡೆಯಿಂದಲೂ ತುಂಬುವುದೆಂದು ಮಾತಾಗಿದೆ. ನನ್ನ ಬಳಿ ಉಳಿದಿರುವ ಪುಟ್ಟಿ ಹಾಳೆಗಳು ಅದಕ್ಕೆ ಸಾಕಾಗುತ್ತವೆ.